ಹದಿನೇಳನೇ ನಂಬರಿನ ಕೋಣೆ

ಹಾಸನಾಂಬೆಯ ಬಾಗಿಲಾದರೂ ವರ್ಷಕ್ಕೊಮ್ಮೆ ತೆರೆಯುತ್ತದೆ.
ನಮ್ಮ ಕಾಲೇಜಿನ ಹದಿನೇಳನೇ ನಂಬರಿನ ಕೋಣೆ
ತೆರೆದದ್ದು ನ್ಯಾಕ್ ತಂಡ ಬರುವ ಹಿಂದಿನ ವಾರ.
ಬೀಗಕ್ಕೆ ಸೀಮೆಎಣ್ಣೆ ಬಿಟ್ಟು, ಕಾದು,
ಅಟೆಂಡರ್ ರಂಗಶೆಟ್ಟರು ಭುಜ ಕೊಟ್ಟು ನೂಕಿದಾಗ
ಮೊದಲು ಹೊರಗೆ ಬಂದದ್ದು ಬಾವಲಿಯ ವಾಸನೆ,
ಆಮೇಲೆ ಒಳಗೆ ಹೋದದ್ದು ನಾವು ಮೂವರು,
ಪೊರಕೆ ಹಿಡಿದು.

ನಾವೇ ಯಾಕೆಂದರೆ, ನಾವು ಪ್ರತಿನಿಧಿಗಳು.
ಯಾರೂ ಆರಿಸಿದ್ದಲ್ಲ. ಮಾರ್ಕ್ಸ್ ಕಾರ್ಡು ನೋಡಿ
ಪ್ರಿನ್ಸಿಪಾಲರು ಬೆರಳು ತೋರಿಸಿದ್ದು.
ನನ್ನ ಕೆಲಸ ಅತಿಥಿಗಳಿಗೆ ಹೂಗುಚ್ಛ.
ಯೋಗಿತಾಳದು ಪ್ರಾರ್ಥನೆ, ಧನಪಾಲನದು ಮೈಕು.
ಕೆಮಿಸ್ಟ್ರಿ ಲ್ಯಾಬು ಮುಗಿಯುವುದು ನಾಲ್ಕೂವರೆಗೆ,
ದುದ್ದದ ಬಸ್ಸು ಹೊರಡುವುದು ನಾಲ್ಕು ಹತ್ತಕ್ಕೆ.
ಇದು ನಮ್ಮ ಮೂವರಲ್ಲಿ ಯಾರ ಖಾತೆಗೂ ಬರುವುದಿಲ್ಲ.

ಗೋಡೆಗೆ ಮುಖಮಾಡಿ ನಿಂತಿದ್ದ ಹಲಗೆಯನ್ನು ತಿರುಗಿಸಿದೆವು.
ವಿದ್ಯಾರ್ಥಿ ಸಂಘ, ಅಧ್ಯಕ್ಷರು. ಬಿಳಿ ಬಣ್ಣದ ಅಕ್ಷರ.
ಅರವತ್ತಮೂರು, ಕೆ. ಎಸ್. ಜವರಪ್ಪ.
ಎಪ್ಪತ್ತೆಂಟು, ಕುಮಾರಿ ಜೈಬುನ್ನೀಸಾ
(ಆ 'ಕುಮಾರಿ' ಆಮೇಲೆ ತುರುಕಿದ್ದು, ಇಕ್ಕಟ್ಟಾಗಿ).
ಎಂಬತ್ತೆಂಟರ ಕೆಳಗೆ ಬರೀ ಪೆನ್ಸಿಲ್ ಗೆರೆಗಳು.
ಮುಂದಿನ ಹೆಸರುಗಳಿಗೆಂದು ಸಾಲು ಎಳೆದಿಟ್ಟು
ಟೀಗೆ ಹೋದ ಪೇಂಟರು
ಇನ್ನೂ ಬಂದಿಲ್ಲ.

"ಇವರೆಲ್ಲ ಏನ್ ಮಾಡ್ತಿದ್ರು?" ಯೋಗಿತಾ ಕೇಳಿದಳು.
"ಗಲಾಟೆ ಮಾಡೋರು ಕಣವ್ವ. ಸೈಕಲ್ ಚೈನು, ಸೋಡಾ ಬಾಟ್ಲಿ.
ಬಿಡ್ಸಕ್ ಹೋಗಿ ನಮ್ಮಪ್ಪಂಗೆ ಹಣೆ ಒಡೀತು, ನಾಕು ಹೊಲಿಗೆ."
ಆಮೇಲೆ ಹಲಗೆ ಒರೆಸುತ್ತ, ಬೇರೆ ದನಿಯಲ್ಲಿ:
"ನಮ್ಮಪ್ಪನ್ ಕೆಲ್ಸ ಖಾಯಂ ಮಾಡ್ಸಿದ್ದೂ ಅವ್ರೇಯ.
ಮೂರ್ ದಿನ ಗೇಟಲ್ಲಿ ಕೂತಿದ್ರಂತೆ. ಆಯಮ್ಮ ಮುಂದ್ಗಡೆ."
ಜೈಬುನ್ನೀಸಾಳ ಹೆಸರನ್ನು ಎರಡು ಸಲ ಒರೆಸಿದರು.

ಟ್ರಂಕಿನಲ್ಲಿ ರಸೀದಿ ಪುಸ್ತಕ, ಇಲಿ ತಿಂದ ಬ್ಯಾನರು,
ಒಂದು ಏರ್‌ಮೇಲ್ ಲಕೋಟೆ. ಯಾರೂ ಒಡೆದಿಲ್ಲ.
ಮೊಹರು ಎಂಬತ್ತೊಂಬತ್ತರದು. ಊರು ಮಾಂಟೆವಿಡಿಯೊ.
ಧನಪಾಲ ಮೊಬೈಲಿನಲ್ಲಿ ಭೂಮಿ ತಿರುಗಿಸಿ ತಿರುಗಿಸಿ
"ಇಲ್ಲಿದೆ ನೋಡು, ಆಚೆ ಬದಿ" ಎಂದ.
ಒಡೆದೆ. ನಮ್ಮಷ್ಟೇ ಹರುಕು ಇಂಗ್ಲಿಷು:
ಹಾಸನದ ಗೆಳೆಯರೆ,
ನಮ್ಮ ಸಂಘವನ್ನು ಹನ್ನೊಂದು ವರ್ಷ ಮುಚ್ಚಿಸಿದ್ದರು.
ತೆರೆದ ಮೇಲೂ ಕುರ್ಚಿ ಬಂದಿಲ್ಲ, ನೆಲದ ಮೇಲೆ ಸಭೆ.
ನಿನ್ನೆ ಎರಡು ಗಂಟೆ ಜಗಳ, ಬಸ್ ಪಾಸಿನದು.
ಅಲ್ಲಿ ನಿಮ್ಮ ಬಸ್ಸು ಹೇಗೆ?

ತಂಡ ಬಂದ ದಿನ ಬಾಗಿಲಿಗೆ ಹೊಸ ಬೋರ್ಡು: ಯೋಗ ಕೊಠಡಿ.
ನೀಲಿ ಚಾಪೆ ಇಪ್ಪತ್ತು. ನಾನು ಹೂಗುಚ್ಛ ಕೊಟ್ಟೆ.
"ವಿದ್ಯಾರ್ಥಿಗಳ ದನಿಗೆ ವ್ಯವಸ್ಥೆ ಇದೆಯೇ?" ಎಂದರು ಒಬ್ಬರು.
"ಇದೆ ಸರ್," ಎಂದರು ಪ್ರಿನ್ಸಿಪಾಲರು, ನನ್ನ ಕಡೆ ನೋಡಿ.
ನಾನು ನಕ್ಕೆ. ಅದಕ್ಕೆ ನನಗೆ ಇನ್ನೂ ನಾಚಿಕೆ.

ಅವರು ಹೋದರು, ಚಾಪೆ ಉಳಿದವು.
ಗುರುವಾರ ಊಟದ ಹೊತ್ತಿಗೆ, ಡಬ್ಬಿ ಹಿಡಿದು,
ಚಾಪೆಗೆ ಇಬ್ಬರಂತೆ ಕೂತರು. ಮೂವರು ಕಿಟಕಿಯಲ್ಲಿ.
ಬೈಕಿದ್ದವರು "ನಮಗೇನು" ಎಂದರು,
ಶಾಂತಿಗ್ರಾಮದವರು "ನಮ್ಮ ಬಸ್ಸೂ ಸೇರಿಸಿ" ಎಂದರು,
ಯಾರೋ ಅತ್ತರು, ಯಾರದೋ ಸಾರು ಚೆಲ್ಲಿತು.
ಬಾಗಿಲಲ್ಲಿ ರಂಗಶೆಟ್ಟರು ಬೀಗ ಹಿಡಿದು ನಿಂತಿದ್ದರು,
ಹಾಕಲಿಲ್ಲ.

ಡಿಪೋ ಮ್ಯಾನೇಜರು ಕನ್ನಡಕದ ಮೇಲಿಂದ ಕೇಳಿದರು:
"ನೀವು ಯಾರ ಪರವಾಗಿ?"
ಪ್ರಿನ್ಸಿಪಾಲರ ಬೆರಳು ನೆನಪಾಯಿತು, ಗಂಟಲು ಒಣಗಿತು.
"ನಲವತ್ತೊಂದು ಜನ ಕೈ ಎತ್ತಿದ್ದಾರೆ ಸರ್,
ಇಬ್ಬರು ಎತ್ತಲಿಲ್ಲ. ಅವರ ಪರವಾಗಿಯೂ."
"ನೋಡೋಣ," ಎಂದರು. ಅರ್ಜಿಯ ಮೇಲೆ ಟೀ ಲೋಟ ಇಟ್ಟರು.

ರಾತ್ರಿ ಬರೆಯಲು ಕೂತೆ.
ಆ ವಿಳಾಸದಲ್ಲಿ ಈಗ ಯಾರಿದ್ದಾರೋ.
ಪ್ರಿಯ ಗೆಳೆಯರೆ, ಉತ್ತರ ತಡವಾಯಿತು.
ನಮ್ಮ ಬಸ್ಸು ನಾಲ್ಕು ಹತ್ತಕ್ಕೆ,
ಸದ್ಯಕ್ಕೆ.